ಹಳೇ ಕಲ್ಲಿದ್ದಲು ಒಲೆ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಪೆನ್ಸಿಲ್ವೇನಿಯಾದ ಈಶಾನ್ಯ ಮೂಲೆಯಲ್ಲಿ, ಸ್ಕ್ರಾಂಟನ್‌ಗೆ ಹತ್ತಿರದ ಒಂದು ಹಳೇ ಮನೆಯಲ್ಲಿ ನಾವಿದ್ದೇವೆ. ಮನೆ ಕೊಂಡಾಗ ಬೇಸ್‌ಮೆಂಟ್‌ನಲ್ಲಿ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಆಯಿಲ್ ಫರ್ನೆಸ್ ಇತ್ತು. ಮೊದಲ ಚಳಿಗಾಲದ ಎಣ್ಣೆ ಬಿಲ್ ನೋಡಿ ನನ್ನ ಹೆಂಡತಿ, "ಇಷ್ಟು ದುಡ್ಡಲ್ಲಿ ಇಬ್ಬರೂ ಊರಿಗೆ ಹೋಗಿ ಬರಬಹುದಿತ್ತು" ಅಂದಳು. ಮರುವರ್ಷ ಮನೆ ಬೆಚ್ಚಗಿಡಲು ಸೆಕೆಂಡ್ ಹ್ಯಾಂಡ್ ಕಲ್ಲಿದ್ದಲು ಒಲೆ ತಂದೆ. ಒಂದಲ್ಲ, ಎರಡು. ಯಾಕೆ ಎರಡು ಅನ್ನೋದು ಕೆಳಗೆ ಬರುತ್ತದೆ. ಅಲ್ಲಿಂದ ಈಚೆಗೆ ಸುತ್ತಮುತ್ತಲ ಕನ್ನಡದವರು ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಉತ್ತರ ನನಗೆ ಬಾಯಿಪಾಠವಾಗಿದೆ. ಬರೆದೇ ಇಡೋಣ ಅನ್ನಿಸಿತು.

ಕಲ್ಲಿದ್ದಲು ಅಂದರೆ ನಮ್ಮ ಇದ್ದಿಲೇ ಅಲ್ವಾ?

ಅಲ್ಲ. ಇದ್ದಿಲು ಕಟ್ಟಿಗೆ ಸುಟ್ಟು ಮಾಡಿದ್ದು. ಇಸ್ತ್ರಿ ಪೆಟ್ಟಿಗೆಗೆ, ಶೆಗಡಿಗೆ, ಬಾಣಂತಿ ಕೋಣೆಯ ಅಗ್ಗಿಷ್ಟಿಕೆಗೆ ಹಾಕುತ್ತಿದ್ದದ್ದು ಅದು. ಕಲ್ಲಿದ್ದಲು ಗಣಿಯಿಂದ ಬರುವುದು. ಅದರಲ್ಲೂ ಜಾತಿ ಇದೆ. ಬಿಟುಮಿನಸ್ ಅನ್ನೋದು ಮೆದು. ಹೊಗೆ, ಮಸಿ ಎರಡೂ ಜಾಸ್ತಿ. ಆಂಥ್ರಸೈಟ್ ಅನ್ನೋದು ಗಟ್ಟಿ. ಕೈಯಲ್ಲಿ ಹಿಡಿದರೆ ಕಪ್ಪು ಗಾಜಿನ ಚೂರಿನ ಹಾಗೆ ಹೊಳೆಯುತ್ತದೆ. ಹತ್ತಿಕೊಳ್ಳಲು ಸತಾಯಿಸುತ್ತದೆ, ಹತ್ತಿಕೊಂಡರೆ ಹೊಗೆಯಿಲ್ಲದೆ ಗಂಟೆಗಟ್ಟಲೆ ಉರಿಯುತ್ತದೆ. ನಮ್ಮ ಕಡೆಯ ಸ್ಕ್ರಾಂಟನ್, ವಿಲ್ಕ್ಸ್-ಬ್ಯಾರಿ, ಹೇಝಲ್ಟನ್, ಪಾಟ್ಸ್‌ವಿಲ್ ಊರುಗಳು ಬೆಳೆದದ್ದೇ ಈ ಆಂಥ್ರಸೈಟ್ ಮೇಲೆ. 1808ರ ಫೆಬ್ರವರಿಯಲ್ಲಿ ವಿಲ್ಕ್ಸ್-ಬ್ಯಾರಿಯ ಜೆಸ್ಸಿ ಫೆಲ್ ಎಂಬಾತ ಕಬ್ಬಿಣದ ಸರಳುಗಳ ಜಾಲರಿ ಮೇಲೆ ಇದನ್ನು ಉರಿಸಿ ತೋರಿಸಿದ. ಕೆಳಗಿನಿಂದ ಗಾಳಿ ಸಿಕ್ಕರೆ ಸಾಕು, ಊದುವ ತಿದಿ ಬೇಡ ಅಂತ ಗೊತ್ತಾಯಿತು. ನೀವು ಇವತ್ತು ಕೊಳ್ಳಹೊರಟ ಒಲೆಯೂ ಅದೇ ಉಪಾಯದ ಮೇಲೆ ನಡೆಯುತ್ತದೆ.

ಇಲ್ಲಿಯ ಲ್ಯಾಕವಾನ್ನಾ ರೈಲು ಕಂಪನಿ ನೂರು ವರ್ಷಕ್ಕೂ ಹಿಂದೆ ತನ್ನ ಜಾಹೀರಾತುಗಳಲ್ಲಿ ಫೀಬಿ ಸ್ನೋ ಅನ್ನುವ ಹುಡುಗಿಯನ್ನು ಬಿಳೀ ಗೌನ್ ತೊಡಿಸಿ ಕೂರಿಸುತ್ತಿತ್ತು. ಆಂಥ್ರಸೈಟ್ ಎಂಜಿನ್ನಿನ ರೈಲಿನಲ್ಲಿ ಬಟ್ಟೆ ಕಪ್ಪಾಗಲ್ಲ ಅನ್ನೋದು ಅದರ ಅರ್ಥ. ನಾನು ಮುಂದೆ ಕಲ್ಲಿದ್ದಲು ಅಂದಾಗಲೆಲ್ಲ ಆಂಥ್ರಸೈಟ್ ಅಂತಲೇ ತಿಳಿಯಿರಿ.

ನಮಗೆ ಇದು ನಿಜವಾಗಲೂ ಬೇಕಾ?

ನಿಮ್ಮ ಬೀದಿಯಲ್ಲಿ ನ್ಯಾಚುರಲ್ ಗ್ಯಾಸ್ ಲೈನ್ ಇದ್ದರೆ ಬೇಡ. ಇಲ್ಲಿಗೇ ಓದುವುದನ್ನು ನಿಲ್ಲಿಸಿ. ಅಷ್ಟೇ ಶಾಖಕ್ಕೆ ಗ್ಯಾಸ್‌ಗಿಂತ ಕಲ್ಲಿದ್ದಲು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಎರಡು ಪಟ್ಟು. ದಿನಾ ಬೂದಿ ಹೊರಬೇಕು. ಮೂರು ದಿನ ಊರಿಗೆ ಹೋದರೆ ಬೆಂಕಿ ಆರಿರುತ್ತದೆ. ಕೆಲಸಕ್ಕೆ ವಾರಗಟ್ಟಲೆ ಓಡಾಡುವವರಿಗೆ ಇದು ಹೊಂದುವುದಿಲ್ಲ.

ಗ್ಯಾಸ್ ಇಲ್ಲ, ಎಣ್ಣೆ ಅಥವಾ ಹಳೇ ಕರೆಂಟ್ ಹೀಟರೇ ಗತಿ, ಮನೆ ಗಣಿ ಸೀಮೆಗೆ ಹತ್ತಿರ ಅಂದರೆ ಲೆಕ್ಕ ಹಾಕಿ ನೋಡಬಹುದು. 2000 ಪೌಂಡಿನ ಒಂದು ಟನ್ ಕಲ್ಲಿದ್ದಲಿನಲ್ಲಿ ಸುಮಾರು 2.5 ಕೋಟಿ ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖ ಇರುತ್ತದೆ. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 1,38,500. ಅಂದರೆ ಒಂದು ಟನ್ ಕಲ್ಲಿದ್ದಲು ಹೆಚ್ಚುಕಡಿಮೆ 180 ಗ್ಯಾಲನ್ ಎಣ್ಣೆಗೆ ಸಮ. ಟನ್ನಿನ ಬೆಲೆಯನ್ನು 180ರಿಂದ ಭಾಗಿಸಿ. ಬಂದ ಮೊತ್ತಕ್ಕಿಂತ ಎಣ್ಣೆ ತುಟ್ಟಿಯಿದ್ದರೆ ಒಲೆಯ ಮಾತು ಮುಂದುವರಿಸಿ. ಲಾರಿ ಬಾಡಿಗೆ ಸೇರಿಸಲು ಮರೆಯಬೇಡಿ. ಗಣಿಯಿಂದ ದೂರ ಹೋದಷ್ಟೂ ಲಾಭ ಕರಗುತ್ತದೆ.

ಸರಿ, ಒಲೆ ನೋಡಲು ಯಾವಾಗ ಹೋಗೋಣ?

ಮೊದಲು ಚಿಮಣಿ ನೋಡಿಸಿ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದೆ. ಒಲೆ ಅಗ್ಗಕ್ಕೆ ಸಿಕ್ಕಿತು ಅಂತ ತಂದುಬಿಡುತ್ತೇವೆ. ಆಮೇಲೆ ನೋಡಿದರೆ ಚಿಮಣಿಯ ಒಳಗಿನ ಮಣ್ಣಿನ ಕೊಳವೆ ಒಡೆದಿರುತ್ತದೆ, ಇಲ್ಲವೇ ಅದೇ ಕೊಳವೆಗೆ ಆಯಿಲ್ ಫರ್ನೆಸ್ ಕೂಡ ಸೇರಿರುತ್ತದೆ. ಕಲ್ಲಿದ್ದಲು ಒಲೆಗೆ ತನ್ನದೇ ಆದ ಕೊಳವೆ ಬೇಕು, ಇನ್ನೊಂದರ ಜೊತೆ ಹಂಚಿಕೊಳ್ಳಬಾರದು. ಗ್ಯಾಸ್ ಉಪಕರಣಕ್ಕೆ ಹಾಕುವ ತೆಳು ಬಿ-ವೆಂಟ್ ಪೈಪಿಗೆ ಜೋಡಿಸಲೇಬಾರದು.

ಚಿಮಣಿ ಚೊಕ್ಕಟ ಮಾಡುವವರನ್ನು ಕರೆಸಿ, ಒಳಗೆ ಕ್ಯಾಮೆರಾ ಬಿಟ್ಟು ನೋಡಲು ಹೇಳಿ. ಛಾವಣಿಯಿಂದ ಹೊರಬರುವ ಜಾಗದಲ್ಲಿ ಚಿಮಣಿ ಕನಿಷ್ಠ 3 ಅಡಿ ಎತ್ತರ ಇರಬೇಕು, ಸುತ್ತ 10 ಅಡಿ ದೂರದೊಳಗೆ ಏನಿದ್ದರೂ ಅದಕ್ಕಿಂತ 2 ಅಡಿ ಮೇಲಿರಬೇಕು. ಚಿಮಣಿಯೊಳಗೆ ಇಳಿಸುವ ಸ್ಟೀಲ್ ಕೊಳವೆ, ಅಂದರೆ ಲೈನರ್, ಹಾಕಿಸುವುದಾದರೆ ಕಲ್ಲಿದ್ದಲಿಗೆ ಆಗುವಂಥದ್ದೇ ಅಂತ ಕೇಳಿ ಹಾಕಿಸಿ. ಕಲ್ಲಿದ್ದಲಿನಲ್ಲಿ ಗಂಧಕ ಇದೆ. ಅದರ ಬೂದಿ ತೇವ ಹೀರಿದರೆ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಇದಕ್ಕೆಲ್ಲ ಒಲೆಗಿಂತ ಜಾಸ್ತಿ ದುಡ್ಡು ಬೇಕಾಗಬಹುದು. ಅದಕ್ಕೇ ಹೇಳಿದ್ದು, ಮೊದಲು ಚಿಮಣಿ.

ಕೈಯಿಂದ ತುಂಬುವ ಒಲೆಯೋ, ಸ್ಟೋಕರೋ?

ಕೈಯಿಂದ ತುಂಬುವ ಒಲೆಗೆ ಕರೆಂಟ್ ಬೇಡ. ಬೆಳಿಗ್ಗೆ ಸಂಜೆ ಎರಡು ಹೊತ್ತು ಜಾಲರಿ ಅಲ್ಲಾಡಿಸಿ, ಬೂದಿ ತೆಗೆದು, ಕಲ್ಲಿದ್ದಲು ತುಂಬಿದರೆ ಆಯಿತು. ಹಿಮ ಬಿದ್ದು ಎರಡು ದಿನ ಕರೆಂಟ್ ಹೋದರೂ ಮನೆ ಬೆಚ್ಚಗಿರುತ್ತದೆ. ಸ್ಟೋಕರ್‌ನಲ್ಲಿ ಮೋಟರ್ ಸಣ್ಣ ಕಲ್ಲಿದ್ದಲನ್ನು ತಾನೇ ತಳ್ಳುತ್ತದೆ, ಥರ್ಮೋಸ್ಟ್ಯಾಟ್ ಹೇಳಿದಂತೆ ಕೇಳುತ್ತದೆ. ಆರಾಮ. ಆದರೆ ಕರೆಂಟ್ ಹೋದರೆ ಅದೂ ಹೋಯಿತು. ಸೆಕೆಂಡ್ ಹ್ಯಾಂಡ್ ತರುವಾಗ ಮೋಟರ್, ಫ್ಯಾನ್, ಕಂಟ್ರೋಲ್ ಬೋರ್ಡ್ ಎಲ್ಲವೂ ಹಳೆಯವೇ ಆಗಿರುತ್ತವೆ. ನಡೆಸಿ ತೋರಿಸದ ಸ್ಟೋಕರನ್ನು ಕೊಳ್ಳಬೇಡಿ. ಮೊದಲ ಸಲ ಕೊಳ್ಳುವವರಿಗೆ ನನ್ನ ಓಟು ಕೈಯಿಂದ ತುಂಬುವ ಒಲೆಗೆ. ಕೆಡಲು ಅದರಲ್ಲಿ ಇರುವುದೇ ಕಡಿಮೆ.

ದೊಡ್ಡದು ತಂದರೆ ಒಳ್ಳೆಯದಲ್ವಾ? ಬೇಕಾದರೆ ಉರಿ ಸಣ್ಣಗೆ ಇಟ್ಟರಾಯಿತು.

ಆಗಲ್ಲ. ಗ್ಯಾಸ್ ಒಲೆಯ ಹಾಗೆ ಇದರಲ್ಲಿ ಸಿಮ್ ಇಲ್ಲ. ಕಲ್ಲಿದ್ದಲಿನ ರಾಶಿ ಒಲೆಯೊಳಗೆ ಸುತ್ತ ಜೋಡಿಸಿದ ಇಟ್ಟಿಗೆಯ ಅಂಚಿನವರೆಗೂ ತುಂಬಿದ್ದರೇ ಬೆಂಕಿ ನಿಲ್ಲುತ್ತದೆ. ಅರ್ಧ ತುಂಬಿದರೆ ಆರುತ್ತದೆ. ದೊಡ್ಡ ಒಲೆಯನ್ನು ತೀರಾ ಕಡಿಮೆ ಗಾಳಿಯಲ್ಲಿ ಇಟ್ಟರೂ ಮನೆ ಬೆಂದುಹೋಗುತ್ತದೆ, ಜನವರಿಯಲ್ಲಿ ಕಿಟಕಿ ತೆರೆದು ಕೂರಬೇಕಾಗುತ್ತದೆ. ನಿಮ್ಮ ಮನೆಗೆ ಸರಿಯಾದದ್ದು, ಇಲ್ಲವೇ ಒಂದು ಕೂದಲೆಳೆ ಚಿಕ್ಕದು ಸಾಕು.

ಮಾರುವವರು "ಕಟ್ಟಿಗೆನೂ ಆಗುತ್ತೆ, ಕಲ್ಲಿದ್ದಲೂ ಆಗುತ್ತೆ" ಅಂತಾರೆ. ನಂಬಬಹುದಾ?

ಬಾಗಿಲು ತೆರೆದು ಕೆಳಗೆ ನೋಡಿ. ಅಲ್ಲಾಡುವ ಜಾಲರಿ ಇದೆಯಾ? ಅದರ ಕೆಳಗೆ ಬೂದಿ ತಟ್ಟೆ ಇದೆಯಾ? ಗಾಳಿ ಬರುವ ಕಿಂಡಿ ಜಾಲರಿಗಿಂತ ಕೆಳಗಿದೆಯಾ? ಮೂರೂ ಇದ್ದರೆ ಮಾತು ನಿಜವಿರಬಹುದು. ಕಟ್ಟಿಗೆ ಮೇಲಿನ ಗಾಳಿಯಿಂದಲೂ ಉರಿಯುತ್ತದೆ, ಬೂದಿಯ ಹಾಸಿನ ಮೇಲೂ ಉರಿಯುತ್ತದೆ. ನಮ್ಮ ಬಚ್ಚಲ ಒಲೆ ನೆನಪಿಸಿಕೊಳ್ಳಿ. ಕಲ್ಲಿದ್ದಲಿಗೆ ಗಾಳಿ ಕೆಳಗಿನಿಂದಲೇ ನುಗ್ಗಿ ಬರಬೇಕು. ಕಟ್ಟಿಗೆ ಒಲೆಯೊಳಗೆ ಕಲ್ಲಿದ್ದಲು ಸುರಿದರೆ ಒಂದೋ ಹತ್ತುವುದಿಲ್ಲ, ಇಲ್ಲವೇ ಆ ಒಲೆ ತಡೆಯಲಾರದಷ್ಟು ಕಾಯುತ್ತದೆ.

ಒಲೆ ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಟಾರ್ಚ್, ಸ್ಕ್ರೂಡ್ರೈವರ್, ಒಂದು ಡಾಲರ್ ನೋಟು, ಕೊಳೆಯಾದರೂ ಪರವಾಗಿಲ್ಲ ಅನ್ನುವ ಅಂಗಿ. ಇಷ್ಟು ತೆಗೆದುಕೊಂಡು ಹೋಗಿ.

ಮೊದಲು ಜಾಲರಿ. ಹಿಡಿಕೆ ಹಾಕಿ ಅಲ್ಲಾಡಿಸಿ. ಎರಡೂ ಕಡೆ ಸಲೀಸಾಗಿ ತಿರುಗಬೇಕು. ಹಲ್ಲು ಮುರಿದಿದೆಯಾ ನೋಡಿ. ನಡುವೆ ಜಗ್ಗಿ, ತೂಗುಮಂಚದ ಹಾಗೆ ಬಗ್ಗಿದೆಯಾ ನೋಡಿ. ಬಗ್ಗಿದ್ದರೆ ಕಾರಣ ಒಂದೇ: ಹಿಂದಿನವರು ಬೂದಿ ತೆಗೆಯಲು ಸೋಮಾರಿತನ ಮಾಡಿದ್ದಾರೆ. ಕೆಳಗಿನಿಂದ ಬರುವ ತಣ್ಣನೆ ಗಾಳಿಯೇ ಜಾಲರಿಯನ್ನು ಕಾಪಾಡುವುದು. ತಟ್ಟೆ ತುಂಬಿ ಬೂದಿ ಜಾಲರಿಗೆ ತಾಗಿದರೆ ಗಾಳಿ ನಿಲ್ಲುತ್ತದೆ, ಬೀಡು ಕಬ್ಬಿಣವೂ ಮೆತ್ತಗಾಗಿ ಜಗ್ಗುತ್ತದೆ. ಜಾಲರಿಗೆ ಅಷ್ಟು ಬೆಂಕಿ ತಾಗಿದ್ದರೆ ಉಳಿದದ್ದಕ್ಕೂ ತಾಗಿರುತ್ತದೆ.

ಆಮೇಲೆ ತುಕ್ಕು. ಬೂದಿ ಗೂಡಿನ ತಳ, ಹಿಂಬದಿಯ ತಗಡು, ಪೈಪ್ ಕೂರುವ ಕತ್ತು. ಈ ಮೂರು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಟಣ್ ಅಂದರೆ ಕಬ್ಬಿಣ ಗಟ್ಟಿ. ಡಬ್ ಅಂದರೆ ಒಳಗೆ ಪದರ ಪದರವಾಗಿ ಎದ್ದಿದೆ. ಒದ್ದೆ ಬೇಸ್‌ಮೆಂಟ್‌ನಲ್ಲಿ ಬೂದಿ ತೆಗೆಯದೆ ನಾಲ್ಕು ಬೇಸಿಗೆ ಕಳೆದ ಒಲೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಬಿರುಕಿಗೆ ಟಾರ್ಚ್. ಕೋಣೆ ಕತ್ತಲು ಮಾಡಿ, ಉರಿಯುವ ಟಾರ್ಚ್ ಒಲೆಯೊಳಗೆ ಇಟ್ಟು ಬಾಗಿಲು ಹಾಕಿ, ಸುತ್ತ ನೋಡಿ. ಬೆಳಕು ಹೊರಬಂದ ಕಡೆ ಗಾಳಿ ಒಳಹೋಗುತ್ತದೆ, ವಿಷಾನಿಲ ಹೊರಬರಲೂಬಹುದು. ಬಾಗಿಲ ಸಂದಿ ಮುಚ್ಚುವ ಹಗ್ಗಕ್ಕೆ ಡಾಲರ್ ನೋಟು. ನೋಟನ್ನು ಸಂದಿಗೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸುಮ್ನೆ ಜಾರಿ ಬಂದರೆ ಹಗ್ಗ ಹೋಗಿದೆ ಅಂತ. ಇದು ದೊಡ್ಡ ದೋಷವಲ್ಲ, ಹೊಸ ಹಗ್ಗ ಅಗ್ಗ, ನಾವೇ ಹಾಕಬಹುದು. ಒಳಗಿನ ಇಟ್ಟಿಗೆ ಒಡೆದಿದ್ದರೂ ಹಾಗೇ, ಬದಲಾಯಿಸಬಹುದು. ಇವೆರಡನ್ನು ತೋರಿಸಿ ಬೆಲೆ ಇಳಿಸಿ. ಬಗ್ಗಿದ ಜಾಲರಿ ಅಥವಾ ಮೈಯಲ್ಲಿ ಬಿರುಕು ಕಂಡರೆ ಬೆಲೆ ಮಾತಾಡಬೇಡಿ, ವಾಪಸ್ ಬನ್ನಿ.

ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಅರ್ಥ ಅಲ್ವಾ?

ನನ್ನ ಮೊದಲ ಒಲೆಯೂ ಹಾಗೇ ಮಿರಮಿರ ಮಿಂಚುತ್ತಿತ್ತು. 350 ಡಾಲರ್. ಮಾರಿದವರು ಕಾಫಿ ಕೊಟ್ಟು, ಗಾಡಿಗೆ ಏರಿಸಲೂ ಕೈಹಾಕಿದರು. ಮನೆಗೆ ತಂದು ಮೂರನೇ ದಿನ ಜಾಲರಿ ಅಲ್ಲಾಡಿಸಿದಾಗ ಲಟಕ್ ಅಂತ ಹಿಡಿಕೆ ಕೈಗೇ ಬಂತು. ಕೆಂಡ ತೆಗೆದು ಆರಿಸಿ ನೋಡಿದರೆ ಹಿಂಬದಿಯ ಬಿರುಕಿಗೆ ಫರ್ನೆಸ್ ಸಿಮೆಂಟ್ ಮೆತ್ತಿ, ಮೇಲೆ ಕರಿ ಬಣ್ಣ ಹೊಡೆದಿದ್ದರು. ಜಾಲರಿ ಬದಲಾಯಿಸೋಣ ಅಂದರೆ ಒಲೆಯ ಮೇಲೆ ಕಂಪನಿಯ ಹೆಸರಿನ ಫಲಕವೇ ಇಲ್ಲ. ಯಾವ ಒಲೆ ಅಂತಲೇ ಗೊತ್ತಿಲ್ಲದಿದ್ದರೆ ಬಿಡಿಭಾಗ ಎಲ್ಲಿಂದ ತರೋದು? ಗುಜರಿಗೆ ಹಾಕಿದೆ.

ಹೊಸ ಬಣ್ಣ ಇದ್ದರೆ ಯಾಕೆ ಹೊಡೆದಿರಿ ಅಂತ ಕೇಳಿ. ತುಕ್ಕು ಹಿಡಿದ ಪ್ರಾಮಾಣಿಕ ಮುಖವೇ ಎಷ್ಟೋ ವಾಸಿ, ಉಜ್ಜಿ ನಾವೇ ಬಣ್ಣ ಹೊಡೆದುಕೊಳ್ಳಬಹುದು.

ಯಾವ ಕಂಪನಿಯದು ಹುಡುಕಬೇಕು?

ಬಿಡಿಭಾಗ ಸಿಗುವಂಥದ್ದು. ನಮ್ಮ ಕಡೆ ಹಾರ್ಮನ್, ಹಿಟ್ಜರ್, ಕೀಸ್ಟೋಕರ್, ಅಲಾಸ್ಕಾ ಈ ಹೆಸರುಗಳು ಮತ್ತೆ ಮತ್ತೆ ಕಾಣಿಸುತ್ತವೆ. ನಾನು ಈಗ ಉರಿಸುತ್ತಿರುವುದು ಹಿಟ್ಜರ್, ಇಂಡಿಯಾನಾದ ಬರ್ನ್ ಊರಿನದು. ಫಲಕದ ಮೇಲಿನ ಮಾದರಿ ಸಂಖ್ಯೆಯ ಫೋಟೋ ತೆಗೆದುಕೊಂಡು, ದುಡ್ಡು ಕೊಡುವ ಮೊದಲೇ ಒಲೆ ಅಂಗಡಿಗೆ ಫೋನ್ ಮಾಡಿ, "ಇದರ ಜಾಲರಿ ಸಿಗುತ್ತಾ?" ಅಂತ ಒಂದೇ ಪ್ರಶ್ನೆ ಕೇಳಿ. ಫಲಕದಲ್ಲಿ ಗೋಡೆಯಿಂದ ಎಷ್ಟು ದೂರ ಇಡಬೇಕು ಅನ್ನೋದೂ ಬರೆದಿರುತ್ತದೆ. ಇನ್ಸ್ಪೆಕ್ಟರ್ ಕೇಳುವುದೂ ಅದನ್ನೇ.

ಅಜ್ಜನ ಕಾಲದ, ನಿಕ್ಕಲ್ ಹೂಬಳ್ಳಿ ಇರುವ ಒಲೆ?

ಚೆಂದ. ಅಭ್ರಕದ ಕಿಟಕಿಯ ಹಿಂದೆ ಕೆಂಡ ಹೊಳೆಯುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಸರಿಯಾಗಿ ರಿಪೇರಿಯಾದದ್ದು ಹೊಸ ಒಲೆಗಿಂತ ತುಟ್ಟಿ, ರಿಪೇರಿ ಆಗದ್ದು ಬರೀ ಕಬ್ಬಿಣದ ಒಡವೆ. ಮೊದಲ ಒಲೆಯಾಗಿ ಬೇಡ.

ಸಾಗಿಸುವುದು ಹೇಗೆ?

150ರಿಂದ 220 ಕಿಲೋ ತೂಗುವ ವಸ್ತು. ಮೊದಲು ಇಟ್ಟಿಗೆ, ಜಾಲರಿ, ಬೂದಿ ತಟ್ಟೆ, ಸಾಧ್ಯವಾದರೆ ಬಾಗಿಲನ್ನೂ ಬಿಚ್ಚಿ. ಕಾಲು ಭಾಗ ತೂಕ ಅಲ್ಲೇ ಇಳಿಯುತ್ತದೆ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಇಲ್ಲದಿದ್ದರೆ ಯಾವ ಇಟ್ಟಿಗೆ ಎಲ್ಲಿತ್ತು ಅಂತ ಒಗಟು ಬಿಡಿಸುತ್ತಾ ಕೂರಬೇಕು. ಫ್ರಿಜ್ ಸಾಗಿಸುವ ಗಾಲಿ ಬಾಡಿಗೆಗೆ ತನ್ನಿ. ಮೆಟ್ಟಿಲು ಇಳಿಸುವಾಗ ಒಲೆಯ ಕೆಳಗಡೆ ಯಾರೂ ನಿಲ್ಲಬೇಡಿ. ಬಂದ ಗೆಳೆಯರಿಗೆ ಬಿಸಿಬೇಳೆಬಾತ್ ಸಾಕಾಗುತ್ತದೆ, ಬೆನ್ನು ಹಿಡಿದುಕೊಂಡರೆ ಏನೂ ಸಾಕಾಗಲ್ಲ.

ನಾವೇ ಕೂರಿಸಬಹುದಾ?

ಮೊದಲು ಟೌನ್‌ಶಿಪ್ ಆಫೀಸಿನಲ್ಲಿ ಪರ್ಮಿಟ್ ಕೇಳಿ. ಮನೆ ಇನ್ಶೂರೆನ್ಸ್‌ನವರಿಗೆ ತಿಳಿಸಿ. ಹೇಳದೆ ಕೂರಿಸಿ ಆಮೇಲೆ ಬೆಂಕಿ ಅನಾಹುತವಾದರೆ ಅವರು ಕೈತೊಳೆದುಕೊಳ್ಳಬಹುದು. ದೂರದ ಲೆಕ್ಕ ಫಲಕದಲ್ಲಿ ಇಲ್ಲದಿದ್ದರೆ, ಸುಡುವ ಯಾವುದೇ ಗೋಡೆ, ಪೀಠೋಪಕರಣದಿಂದ 36 ಇಂಚು. ಒಂದೇ ಪದರದ ಪೈಪಿಗೆ 18 ಇಂಚು. ಪೈಪಿನ ಪ್ರತಿ ಜೋಡಣೆಗೆ ಮೂರು ಸ್ಕ್ರೂ.

ಪೈಪಿಗೆ ಒಂದು ಬ್ಯಾರೊಮೆಟ್ರಿಕ್ ಡ್ಯಾಂಪರ್ ಹಾಕಿಸಿ. ತನ್ನಷ್ಟಕ್ಕೆ ತೂಗಾಡುವ ಪುಟ್ಟ ತಗಡಿನ ಬಾಗಿಲು ಅದು. ಹೊರಗೆ ಗಾಳಿ ಜೋರಾಗಿ ಚಿಮಣಿ ಜಾಸ್ತಿ ಎಳೆದರೆ ಬಾಗಿಲು ತೆರೆದುಕೊಂಡು ಕೋಣೆಯ ಗಾಳಿ ಬೆರೆಸುತ್ತದೆ, ಒಲೆಯ ಉರಿ ಏರುವುದಿಲ್ಲ. ಕೈಯಿಂದ ತಿರುಗಿಸಿ ಪೈಪ್ ಮುಚ್ಚುವ ಡ್ಯಾಂಪರ್ ಕಲ್ಲಿದ್ದಲಿಗೆ ನನಗೆ ಇಷ್ಟವಿಲ್ಲ. ನಿದ್ದೆಗಣ್ಣಿನಲ್ಲಿ ಪೂರ್ತಿ ಮುಚ್ಚಿಬಿಟ್ಟರೆ ಹೊಗೆಕೊಳವೆಯ ವಿಷವೆಲ್ಲ ಮನೆಯೊಳಗೆ.

ಕಾರ್ಬನ್ ಮಾನಾಕ್ಸೈಡ್ ಭಯ ನಿಜವೇ?

ನಿಜ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಕೂರುತ್ತದೆ. ತಲೆನೋವು, ವಾಕರಿಕೆ, ಮಂಪರು. ನಿದ್ದೆ ಬರುತ್ತಿದೆ ಅಂದುಕೊಂಡು ಮಲಗಿದವರು ಏಳುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದರೂ ಆಗುವುದು ಇದೇ. ಊರಲ್ಲಿ ಅಪ್ಪ ಅಮ್ಮನಿಗೂ ಹೇಳಿ.

ಕಲ್ಲಿದ್ದಲು ಒಲೆಯ ಜೊತೆ ನನ್ನ ಮೊದಲ ಚಳಿಗಾಲದ ಕೊನೆ. ಮಾರ್ಚ್ ತಿಂಗಳು, ಹೊರಗೆ ಒಮ್ಮೆಲೇ ಬೆಚ್ಚಗಾಗಿತ್ತು, ಮಳೆ. ರಾತ್ರಿ ಎರಡಕ್ಕೆ ಈ ಅನಿಲ ಪತ್ತೆ ಹಚ್ಚುವ ಅಲಾರಂ ಕಿರುಚಿತು. ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆವು. ಅಗ್ನಿಶಾಮಕದವರು ಬಂದು ಅಳತೆ ಮಾಡಿ, ಕಿಟಕಿಗಳನ್ನೆಲ್ಲ ತೆರೆಸಿದರು. ಮರುದಿನ ಪೈಪ್ ಬಿಚ್ಚಿದರೆ ಅಡ್ಡ ಪೈಪಿನಲ್ಲಿ ಮುಕ್ಕಾಲು ಪಾಲು ಹಿಟ್ಟಿನಂಥ ಬೂದಿ ತುಂಬಿತ್ತು. ಕಡು ಚಳಿಯಲ್ಲಿ ಚಿಮಣಿ ಬಲವಾಗಿ ಎಳೆಯುತ್ತಿದ್ದುದರಿಂದ ಇಷ್ಟು ದಿನ ಹೇಗೋ ನಡೆದಿತ್ತು. ಒಳಗೂ ಹೊರಗೂ ಬಿಸಿಯ ವ್ಯತ್ಯಾಸ ಕಡಿಮೆಯಾದಾಗ ಎಳೆತ ಕುಗ್ಗಿತು, ಸಣ್ಣ ಕಿಂಡಿಯಲ್ಲಿ ಹೊಗೆ ನಿಂತಿತು. ಪೈಪ್ ಚೊಕ್ಕ ಮಾಡದೆ ಬಿಟ್ಟದ್ದು ನಾನೇ. ಈಗ ತಿಂಗಳಿಗೊಮ್ಮೆ ಅಡ್ಡ ಪೈಪ್ ಕುಟ್ಟಿ ನೋಡುತ್ತೇನೆ, ಋತುವಿನ ನಡುವೆ ಒಮ್ಮೆ ಬಿಚ್ಚಿ ತೆಗೆಯುತ್ತೇನೆ.

ಪ್ರತಿ ಮಹಡಿಗೆ ಒಂದು ಅಲಾರಂ, ಮಲಗುವ ಕೋಣೆಗಳ ಹತ್ತಿರ ಒಂದು. ಅವಕ್ಕೂ ಆಯಸ್ಸಿದೆ, ಹಿಂಬದಿಯ ತಾರೀಕು ನೋಡಿ. ಹಳೇ ಒಲೆ ಕೊಳ್ಳಿ, ಹಳೇ ಅಲಾರಂ ಬೇಡ.

ಯಾವ ಅಳತೆಯ ಕಲ್ಲಿದ್ದಲು ತರಬೇಕು?

ಒಲೆಯ ಪುಸ್ತಕ ಹೇಳಿದ್ದು. ಕೈಯಿಂದ ತುಂಬುವ ಒಲೆಗಳಿಗೆ ಸಾಮಾನ್ಯವಾಗಿ ನಟ್, ಅದು ದೊಡ್ಡ ನೆಲ್ಲಿಕಾಯಿ ಗಾತ್ರ. ಅದಕ್ಕಿಂತ ಸಣ್ಣದು ಪೀ. ಸ್ಟೋಕರಿಗೆ ರೈಸ್ ಅಥವಾ ಬಕ್‌ವೀಟ್. ರೈಸ್ ಅಂದರೂ ಅಕ್ಕಿಯಷ್ಟು ಸಣ್ಣದಲ್ಲ, ಕಡಲೆಕಾಳಿನ ಹತ್ತಿರ. 40 ಪೌಂಡ್ ಚೀಲದಲ್ಲಿ ಸಿಗುತ್ತದೆ, 50 ಚೀಲ ಅಂದರೆ ಒಂದು ಟನ್. ನಮ್ಮಲ್ಲಿ ಕಡು ಚಳಿಗೆ ದಿನಕ್ಕೆ ಒಂದು ಚೀಲ, ವರ್ಷಕ್ಕೆ ಮೂರೂವರೆ ಟನ್ ಆಗುತ್ತದೆ. ಚೀಲಕ್ಕೆ ಒಂದು ಚೊಂಬು ನೀರು ಹಾಕಿ ಸುರಿದರೆ ಧೂಳು ಏಳುವುದಿಲ್ಲ.

ಎಷ್ಟು ಸಲ ಹಚ್ಚಿದರೂ ಆರುತ್ತದೆ. ಒಲೆ ಕೆಟ್ಟಿದೆಯಾ?

ಬಹುಶಃ ಇಲ್ಲ. ನೀವು ಕೆದಕುತ್ತಿದ್ದೀರಿ. ಕಟ್ಟಿಗೆ ಒಲೆ ಕಂಡವರ ಕೈ ಸುಮ್ನೆ ಇರಲ್ಲ. ಆಂಥ್ರಸೈಟನ್ನು ಮೇಲಿನಿಂದ ಕೆದಕಿದರೆ ಬೂದಿ ಕೆಂಡದೊಳಗೆ ಸೇರಿ ಗಾಳಿಯ ದಾರಿ ಕಟ್ಟುತ್ತದೆ.

ಕಟ್ಟಿಗೆ ಚೂರು ಹಚ್ಚಿ ಒಳ್ಳೆಯ ಕೆಂಡ ಮಾಡಿ. ಮೇಲೆ ತೆಳ್ಳಗೆ ಒಂದು ಪದರ ಕಲ್ಲಿದ್ದಲು. ಅದು ಚಟಪಟ ಅಂದು ಕೆಂಪಾಗುವವರೆಗೆ ಕಾಯಿರಿ. ಮತ್ತೊಂದು ಪದರ. ಹೀಗೆ ಇಟ್ಟಿಗೆಯ ಅಂಚಿನವರೆಗೆ. ಕೆಳಗಿನ ಗಾಳಿ ಬಾಗಿಲು ತೆರೆದಿರಲಿ, ಆಮೇಲೆ ಮೆಲ್ಲಗೆ ಕಡಿಮೆ ಮಾಡಿ. ಅದನ್ನು ತೆರೆದಿಟ್ಟು ಪಕ್ಕದ ಕೋಣೆಗೆ ಮಾತ್ರ ಹೋಗಬೇಡಿ. ಹೊಸದಾಗಿ ತುಂಬುವಾಗ ಒಂದು ಮೂಲೆಯಲ್ಲಿ ಕೆಂಡ ಕಾಣುವ ಹಾಗೆ ಬಿಡಿ. ಎಲ್ಲ ಮುಚ್ಚಿದರೆ ಅನಿಲ ಕೂಡಿಕೊಂಡು ಒಮ್ಮೆಲೇ ಧಡ್ ಅನ್ನುತ್ತದೆ. ಸರಿಯಾಗಿ ಹತ್ತಿದ ಮೇಲೆ ಕರಿ ರಾಶಿಯ ಮೇಲೆ ನೀಲಿ ಜ್ವಾಲೆಗಳು ಕುಣಿಯುತ್ತವೆ. ಇಲ್ಲಿಯವರು ಅವನ್ನು ನೀಲಿ ಹೆಂಗಸರು ಅಂತಾರೆ. ಮೊದಲ ರಾತ್ರಿ ನಾವಿಬ್ಬರೂ ಟಿವಿ ಆರಿಸಿ ಅದನ್ನೇ ನೋಡಿದೆವು.

ಬೂದಿ ಏನು ಮಾಡೋದು?

ಮುಚ್ಚಳವಿರುವ ತಗಡಿನ ಬಕೆಟ್ಟಿಗೆ ಹಾಕಿ, ಮನೆಯ ಹೊರಗೆ, ಮರದ ಹಲಗೆಯ ಮೇಲೆ ಬೇಡ, ಬರೀ ನೆಲದ ಮೇಲೆ ಇಡಿ. ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಕೆಂಡ ಇರುತ್ತದೆ. ಹಿಮ ಜಾರುವ ದಾರಿಗೆ ಇಲ್ಲಿಯವರು ಇದನ್ನೇ ಚೆಲ್ಲುತ್ತಾರೆ. ತರಕಾರಿ ಮಡಿಗೆ ಹಾಕಬೇಡಿ, ಪಾತ್ರೆ ತಿಕ್ಕಬೇಡಿ. ಕಟ್ಟಿಗೆ ಬೂದಿಯ ಅಭ್ಯಾಸ ಇಲ್ಲಿ ನಡೆಯಲ್ಲ, ಇದರಲ್ಲಿ ಆರ್ಸೆನಿಕ್‌ನಂಥವು ಇರುತ್ತವೆ.

ಮೇಲೆ ದೋಸೆ ಹುಯ್ಯಬಹುದಾ?

ಬೀಡಿನ ಕಾವಲಿ ಇದ್ದರೆ ಆಗುತ್ತದೆ, ಬಿಸಿ ಮಾತ್ರ ಹಿಡಿತಕ್ಕೆ ಸಿಗಲ್ಲ. ಮೊದಲನೆಯದು ಹಸಿ, ಮೂರನೆಯದು ಕರಿ. ನಾವು ನೀರಿನ ಕೆಟಲ್ ಇಡುತ್ತೇವೆ, ಒಣ ಗಾಳಿಗೆ ಸ್ವಲ್ಪ ತೇವ ಸಿಗುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಚೆಲ್ಲದಂತೆ ನೋಡಿಕೊಳ್ಳಿ, ಬಿರುಕು ಬಿಡುತ್ತದೆ. ಪುಟ್ಟ ಮಕ್ಕಳಿದ್ದರೆ ಸುತ್ತ ಬೇಲಿ ಕಡ್ಡಾಯ.

ಬೇಸಿಗೆಯಲ್ಲಿ ಒಲೆಯನ್ನು ಹಾಗೇ ಬಿಟ್ಟರೆ?

ತುಕ್ಕು ಹಿಡಿಯುತ್ತದೆ. ಒಲೆಗಳು ಸಾಯುವುದು ಚಳಿಗಾಲದ ಬೆಂಕಿಯಿಂದಲ್ಲ, ಜುಲೈ ತಿಂಗಳ ತೇವದಿಂದ. ಕೊನೆಯ ಬೆಂಕಿ ಆರಿದ ವಾರದಲ್ಲೇ ಬೂದಿಯ ಕೊನೆಯ ಕಣದವರೆಗೂ ತೆಗೆಯಿರಿ. ಪೈಪ್ ಬಿಚ್ಚಿ ಹೊರಗೆ ಒಯ್ದು ಕುಟ್ಟಿ, ಬ್ರಷ್ ಆಡಿಸಿ. ಚಿಮಣಿಯ ಬಾಯಿ ಮುಚ್ಚಿ. ಒಳಗೆ ತೇವ ಹೀರುವ ಪುಡಿಯ ಡಬ್ಬಿ ಇಡಿ. ನಾನು ಕೊನೆಗೆ ಒಂದು ಚೀಟಿಯಲ್ಲಿ "ಚಿಮಣಿ ಬಾಯಿಯ ಮುಚ್ಚಳ ತೆಗೆ" ಅಂತ ದಪ್ಪಕ್ಷರದಲ್ಲಿ ಬರೆದು ಜಾಲರಿಯ ಮೇಲೆಯೇ ಇಟ್ಟು ಬಾಗಿಲು ಹಾಕುತ್ತೇನೆ. ಅಕ್ಟೋಬರಿನಲ್ಲಿ ಕಟ್ಟಿಗೆ ಚೂರು ಜೋಡಿಸಲು ಕೈ ಹಾಕಿದಾಗ ಮೊದಲು ಸಿಗುವುದು ಅದೇ.